ನ್ಯೂ ಆರ್ಲಿಯನ್ಸ್‌ಗೆ ಅಮ್ಮನ ಜೊತೆ ನಾಲ್ಕು ದಿನ: ಏನು ತಿನ್ನೋದು, ಎಲ್ಲಿ ಸುತ್ತೋದು?

ಸರಸ್ವತಿಪುರಂ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾವು ಹ್ಯೂಸ್ಟನ್ ಹತ್ತಿರ ಇದ್ದೇವೆ. ಮಾರ್ಚ್ ಮೂರನೇ ವಾರ ಮಗನಿಗೆ ರಜೆ. ಕಾರಿನಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಗಿ ನಾಲ್ಕು ದಿನ ಇದ್ದು ಬರೋಣ ಅಂತ ಮನಸ್ಸು. ಅಮ್ಮ ಮೈಸೂರಿನಿಂದ ಬಂದಿದ್ದಾರೆ, 68 ವರ್ಷ. ಮಾಂಸ, ಮೀನು ಮುಟ್ಟುವುದಿಲ್ಲ. ಕೇಕು ಬಿಸ್ಕತ್ತಿನೊಳಗೆ ಮೊಟ್ಟೆ ಇದ್ದರೆ ಪರವಾಗಿಲ್ಲ. ನಮ್ಮ ಮನೆಯವರು ಕುಂದಾಪುರದವರು, ಮೀನು ಅಂದರೆ ಪ್ರಾಣ. ಮಗನಿಗೆ 14, ಶಾಲೆಯ ಬ್ಯಾಂಡ್‌ನಲ್ಲಿ ಟ್ರಂಪೆಟ್ ಊದುತ್ತಾನೆ. ನಮ್ಮಲ್ಲಿ ಯಾರೂ ಕುಡಿಯುವುದಿಲ್ಲ.

ಯಾರನ್ನು ಕೇಳಿದರೂ ಬಾರುಗಳೇ ತುಂಬಿರುವ ಬೋರ್ಬನ್ ಸ್ಟ್ರೀಟ್ ಅನ್ನುತ್ತಾರೆ. ಅದು ಬಿಟ್ಟು ನಮ್ಮಂಥವರಿಗೆ ಆ ಊರಲ್ಲಿ ಏನಿದೆ? ಅಮ್ಮನಿಗೆ ನಾಲ್ಕು ದಿನ ಊಟದ್ದೇ ಕಷ್ಟ ಆಗುತ್ತಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಪ್ಲೇನೋ_ಪ್ರಕಾಶ

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಎರಡು ಮಕ್ಕಳನ್ನು ಕರೆದುಕೊಂಡು ಹೋಗಿ ಬೋರ್ಬನ್ ಸ್ಟ್ರೀಟ್‌ನಲ್ಲೇ ರೂಮು ಮಾಡಿದ್ದೆವು. ಬೆಳಗಿನ ಜಾವ ಮೂರರ ತನಕ ಗಲಾಟೆ. ಬೆಳಗ್ಗೆ ಎದ್ದು ಹೊರಗೆ ಬಂದರೆ ರಸ್ತೆ ತುಂಬ ವಾಸನೆ. ಹಿರಿಯರನ್ನು ಕರೆದುಕೊಂಡು ಹೋಗುವ ಊರು ಅಂತ ನನಗೆ ಅನ್ನಿಸಲಿಲ್ಲ.

ನದಿದಂಡೆ

ಪ್ರಕಾಶ್ ಅವರೇ, ನಿಮ್ಮ ಬೇಜಾರು ನನಗೆ ಅರ್ಥ ಆಗುತ್ತದೆ. ಆದರೆ ನೀವು ಇಡೀ ಊರಿನಲ್ಲಿ ಒಂದೇ ಬೀದಿ ನೋಡಿದ್ದೀರಿ. ನಾನು ಅಲ್ಲಿ 11 ವರ್ಷ ಇದ್ದೆ. ನನ್ನ ಎರಡೂ ಮಕ್ಕಳು ಅಲ್ಲೇ ಹುಟ್ಟಿದವು. ಅಷ್ಟು ವರ್ಷದಲ್ಲಿ ಬೋರ್ಬನ್ ಸ್ಟ್ರೀಟ್‌ಗೆ ಹೋಗಿದ್ದು ಊರಿಂದ ನೆಂಟರು ಬಂದಾಗ ಮಾತ್ರ.

ಅಕ್ಕಾ, ನಿಮಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅದು ಹಗಲು ಹೊತ್ತು ನೋಡಬೇಕಾದ ಊರು. ಬೆಳಗ್ಗೆ ಏಳಕ್ಕೆ ಊರಿನ ಹಳೇ ಭಾಗವಾದ ಫ್ರೆಂಚ್ ಕ್ವಾರ್ಟರ್‌ನಲ್ಲಿ ನಡೆದು ನೋಡಿ. ಅಂಗಡಿಯವರು ಬಾಗಿಲ ಮುಂದೆ ನೀರು ಹಾಕಿ ತೊಳೆಯುತ್ತಿರುತ್ತಾರೆ. ಕಬ್ಬಿಣದ ಜಾಲರಿಯ ಬಾಲ್ಕನಿಗಳಿಂದ ಜರಿಗಿಡಗಳು ನೇತಾಡುತ್ತಿರುತ್ತವೆ. ಊರು ಕಟ್ಟಿದ್ದು ಫ್ರೆಂಚರು, 1718ರಲ್ಲಿ. ಆದರೆ 1788 ಮತ್ತು 1794ರಲ್ಲಿ ದೊಡ್ಡ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ಆಗ ಆಳುತ್ತಿದ್ದವರು ಸ್ಪೇನಿನವರು. ಹಾಗಾಗಿ ಹೆಸರು ಫ್ರೆಂಚ್ ಆದರೂ ಒಳಗಂಗಳದ ಮನೆಗಳಲ್ಲಿ ಸ್ಪೇನಿನ ಗುರುತು ಜಾಸ್ತಿ. ಅಮ್ಮ ಆ ಅಂಗಳಗಳನ್ನು ನೋಡಿದರೆ ನಮ್ಮ ತೊಟ್ಟಿಮನೆ ನೆನಪು ಮಾಡಿಕೊಳ್ಳುತ್ತಾರೆ, ನೋಡುತ್ತಿರಿ.

ಉಳಿದುಕೊಳ್ಳುವುದು ಮಾತ್ರ ಕ್ವಾರ್ಟರ್ ಒಳಗೆ ಬೇಡ. ಸೇಂಟ್ ಚಾರ್ಲ್ಸ್ ಅವೆನ್ಯೂ ಪಕ್ಕದಲ್ಲಿ, ಸ್ಟ್ರೀಟ್‌ಕಾರ್ ಹಳಿಗೆ ಹತ್ತಿರ ಇರುವ ಕಡೆ ರೂಮು ಹುಡುಕಿ. ಕಾರನ್ನು ಒಂದು ಕಡೆ ನಿಲ್ಲಿಸಿ ಮರೆತುಬಿಡಿ. ಆ ಟ್ರಾಮ್ ಮಾರ್ಗ 1835ರಿಂದ ಓಡುತ್ತಿದೆ. ಹಸಿರು ಬಣ್ಣದ ಬಂಡಿಗಳು 1920ರ ದಶಕದವು, ಮರದ ಸೀಟು, ತೆರೆದ ಕಿಟಕಿ, ಏಸಿ ಇಲ್ಲ. ಟಿಕೆಟ್ 1.25 ಡಾಲರ್, ಚಿಲ್ಲರೆ ಸರಿಯಾಗಿ ಇಟ್ಟುಕೊಳ್ಳಿ. ಇಡೀ ದಿನದ ಪಾಸ್ 3 ಡಾಲರ್. ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ ಕೊನೆಯ ಸ್ಟಾಪ್ ತನಕ ಹೋಗಿ ವಾಪಸ್ ಬನ್ನಿ. ಎರಡೂ ಕಡೆ ದೊಡ್ಡ ಓಕ್ ಮರಗಳು, ಹಳೇ ಬಂಗಲೆಗಳು. ಮರದ ಕೊಂಬೆಯಲ್ಲಿ, ತಂತಿಯ ಮೇಲೆ ಮಾರ್ಡಿ ಗ್ರಾ ಹಬ್ಬದ ಮೆರವಣಿಗೆಯಲ್ಲಿ ಎಸೆದ ಮಣಿಸರಗಳು ಇನ್ನೂ ಸಿಕ್ಕಿಕೊಂಡಿರುತ್ತವೆ.

ಊಟದ ಬಗ್ಗೆ ರಾತ್ರಿ ಬರೆಯುತ್ತೇನೆ. ಅದು ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ.

ಕಾಪಿಪುಡಿ

ಮೈಸೂರಿನ ಅಮ್ಮ ಅಂದಮೇಲೆ ಕಾಫಿ ವಿಷಯ ನಾನು ಹೇಳಲೇಬೇಕು. ಅಮೆರಿಕದಲ್ಲಿ ಚಿಕೋರಿ ಹಾಕಿದ ಕಾಫಿಯನ್ನು ತನ್ನದು ಅಂತ ಹೆಮ್ಮೆಯಿಂದ ಹೇಳಿಕೊಳ್ಳುವ ಊರು ಅದು. ಫ್ರಾನ್ಸ್‌ನಲ್ಲಿ ಕಾಫಿ ಸಿಗದ ಕಾಲದಲ್ಲಿ ಚಿಕೋರಿ ಬೆರೆಸುವ ರೂಢಿ ಬೆಳೆಯಿತು, ಅದು ಇಲ್ಲಿಗೂ ಬಂತು. 1861ರಿಂದ 65ರ ಅಂತರ್ಯುದ್ಧದಲ್ಲಿ ಬಂದರು ಮುಚ್ಚಿ ಕಾಫಿ ಬೀಜ ಬರುವುದು ನಿಂತಾಗ ಇನ್ನೂ ಜಾಸ್ತಿ ಆಯಿತು. ಯುದ್ಧ ಮುಗಿಯಿತು, ನಾಲಿಗೆಗೆ ಹತ್ತಿದ ರುಚಿ ಬಿಡಲಿಲ್ಲ. ನಮ್ಮಲ್ಲಿ ಪುಡಿ ಅಂಗಡಿಯವರು "80–20 ಹಾಕ್ಲಾ, 70–30 ಹಾಕ್ಲಾ" ಅಂತ ಕೇಳುತ್ತಾರಲ್ಲ, ಆ ರುಚಿ ಗೊತ್ತಿದ್ದವರಿಗೆ ಮೊದಲ ಗುಟುಕಿಗೇ ಮನೆ ನೆನಪಾಗುತ್ತದೆ.

ಕೆಫೆ ದು ಮೋಂಡ್‌ಗೆ ಹೋಗಿ. 1862ರಿಂದ ಇದೆ, ಜ್ಯಾಕ್ಸನ್ ಸ್ಕ್ವೇರ್ ಎದುರಿಗೆ. ಅರ್ಧ ಕಾಫಿ, ಅರ್ಧ ಬಿಸಿಹಾಲು ಹಾಕಿ ಕೊಡುತ್ತಾರೆ. ಜೊತೆಗೆ ಬೆನ್ಯೆ, ಅಂದರೆ ಉಬ್ಬಿದ ಚೌಕ ಪೂರಿಯ ಮೇಲೆ ಸಕ್ಕರೆ ಪುಡಿಯ ರಾಶಿ. ಒಂದು ಪ್ಲೇಟಿಗೆ ಮೂರು. ಬಾಯಿಗೆ ಇಡುವಾಗ ಉಸಿರು ಎಳೆದುಕೊಳ್ಳಬೇಡಿ, ಸಕ್ಕರೆ ಪುಡಿ ಗಂಟಲಿಗೆ ಹೋಗುತ್ತದೆ. ಅಲ್ಲಿ ತುಂಬ ಸಾಲಿದ್ದರೆ ಸಿಟಿ ಪಾರ್ಕ್ ಒಳಗೆ ಅವರದೇ ಇನ್ನೊಂದು ಅಂಗಡಿ ಇದೆ. ನೆರಳಿದೆ, ಕೂರಲು ಜಾಗ ಇದೆ. ಹಿರಿಯರಿಗೆ ಅದೇ ಒಳ್ಳೆಯದು.

ಬರುವಾಗ ಪುಡಿ ಡಬ್ಬ ತನ್ನಿ. ನಮ್ಮ ಫಿಲ್ಟರ್‌ನಲ್ಲಿ ಹಾಕಿದರೆ ಡಿಕಾಕ್ಷನ್ ಗಟ್ಟಿಯಾಗಿ ಇಳಿಯುತ್ತದೆ. ಪುಡಿ ಒತ್ತಬೇಡಿ, ಸುಮ್ನೆ ಹರಡಿ ಬಿಡಿ.

ನದಿದಂಡೆ

ಈಗ ಊಟ. ಮೊದಲು ಅಮ್ಮನಿಗಾಗಿ ಎಚ್ಚರಿಕೆ, ಆಮೇಲೆ ಸಂತೋಷದ ಮಾತು.

ಹೆಸರು ಕೇಳಿ, ಕಣ್ಣಲ್ಲಿ ನೋಡಿ ಸಸ್ಯಾಹಾರ ಅಂತ ನಂಬಬೇಡಿ. ರೆಡ್ ಬೀನ್ಸ್ ಅಂಡ್ ರೈಸ್ ನೋಡಲು ನಮ್ಮ ಹುರುಳಿಕಾಯಿ ಬೀಜದ ಹುಳಿ ಅನ್ನದಂತೆಯೇ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಹಂದಿ ಮಾಂಸ ಇರುತ್ತದೆ. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನ. ಭಾನುವಾರದ ಊಟದಲ್ಲಿ ಉಳಿದ ಮೂಳೆ ಹಾಕಿ ಕಾಳನ್ನು ಒಲೆಯ ಮೇಲಿಟ್ಟರೆ ಒಗೆಯುವಷ್ಟರಲ್ಲಿ ತಾನೇ ಬೇಯುತ್ತಿತ್ತು. ಇವತ್ತಿಗೂ ಸೋಮವಾರ ಊರೆಲ್ಲ ಅದೇ ಅಡುಗೆ. ಗಂಬೋ ಅಂದರೆ ಅಲ್ಲಿನ ಗಟ್ಟಿ ಸಾರು. ಅದರಲ್ಲಿ ಸೊಪ್ಪಿನ ಗಂಬೋ ಅಂತ ಒಂದಿದೆ, ಗಂಬೋ ಜೆರ್ಬ್. ಹಲವು ಬಗೆ ಸೊಪ್ಪು ಹಾಕಿ ಮಸ್ಸೊಪ್ಪಿನ ಹಾಗೆ ಮಾಡುತ್ತಾರೆ. ಅದರಲ್ಲೂ ಸಾಮಾನ್ಯವಾಗಿ ಮಾಂಸ ಇರುತ್ತದೆ. ಸಿಗಡಿಯಂಥ ಕ್ರಾಫಿಶ್ ಬೇಯಿಸಿದ ಪಾತ್ರೆಯಲ್ಲೇ ಜೋಳ, ಆಲೂಗಡ್ಡೆಯನ್ನೂ ಹಾಕಿರುತ್ತಾರೆ. ಬರೀ ಆಲೂಗಡ್ಡೆ ತಿನ್ನುತ್ತೇನೆ ಅಂದರೆ ಆಗುವುದಿಲ್ಲ. "ವೆಜಿಟೇರಿಯನ್" ಅಂತಷ್ಟೇ ಹೇಳಿದರೆ ಸಾಲದು. "ಸ್ಟಾಕ್ (ಸಾರಿನ ಕಟ್ಟು) ಯಾವುದರದ್ದು, ಯಾವ ಎಣ್ಣೆಯಲ್ಲಿ ಕರಿಯುತ್ತೀರಿ" ಅಂತ ಬಿಡಿಸಿ ಕೇಳಿ. ಬೇಸರ ಮಾಡಿಕೊಳ್ಳುವುದಿಲ್ಲ. ಅಡುಗೆ ಬಗ್ಗೆ ಕೇಳಿದರೆ ಆ ಊರಿನವರಿಗೆ ಖುಷಿ.

ಅಮ್ಮ ಆರಾಮಾಗಿ ತಿನ್ನಬಹುದಾದದ್ದೂ ಇದೆ. ಪ್ರಾಲೀನ್ ಅಂತ ಸಿಹಿ. ಸಕ್ಕರೆ, ಬೆಣ್ಣೆ, ಕೆನೆ ಕುದಿಸಿ ಪೆಕಾನ್ ಬೀಜ ಹಾಕಿ ಬಿಲ್ಲೆ ಮಾಡುತ್ತಾರೆ. ಚಿಕ್ಕಿಯಷ್ಟು ಗಟ್ಟಿ ಇಲ್ಲ, ಕೊಬ್ಬರಿ ಮಿಠಾಯಿಯಂತೆ ಬಾಯಲ್ಲಿ ಕರಗುತ್ತದೆ. ಸ್ನೋಬಾಲ್ ಅಂಗಡಿಗಳು ಮಾರ್ಚ್ ಹೊತ್ತಿಗೆ ಬಾಗಿಲು ತೆರೆಯುತ್ತವೆ. ಹ್ಯಾನ್ಸೆನ್ಸ್ ಅಂತ ಒಂದು ಅಂಗಡಿ 1939ರದ್ದು. ಮಂಜನ್ನು ರವೆಗಿಂತ ನಯವಾಗಿ ತುರಿದು ಮೇಲೆ ಪಾನಕದಂಥ ಸಿರಪ್ ಹಾಕುತ್ತಾರೆ. ರಾತ್ರಿ ಊಟಕ್ಕೆ ಒಂದು ದಿನ ಮ್ಯಾಗಜೀನ್ ಸ್ಟ್ರೀಟ್‌ನ ಸ್ಯಾಫ್ರನ್‌ಗೆ ಹೋಗಿ. ಭಾರತೀಯ ಕುಟುಂಬದ್ದು, ಅಮ್ಮನಿಗೆ ಸಸ್ಯಾಹಾರ ಸಿಗುತ್ತದೆ, ನಿಮ್ಮ ಮನೆಯವರಿಗೆ ನಮ್ಮ ಮಸಾಲೆ ಹಾಕಿದ ಸೀಫುಡ್ ಗಂಬೋ ಸಿಗುತ್ತದೆ. ಮೊದಲೇ ಟೇಬಲ್ ಬುಕ್ ಮಾಡಿ.

ಇನ್ನು ಗಂಬೋ. ಆಫ್ರಿಕಾದ ಭಾಷೆಗಳಲ್ಲಿ ಬೆಂಡೆಕಾಯಿಗಿದ್ದ ಹೆಸರಿನಿಂದಲೇ ಆ ಪದ ಬಂತು ಅನ್ನುತ್ತಾರೆ. ಗುಲಾಮರಾಗಿ ಬಂದವರ ಜೊತೆ ಬೆಂಡೆಕಾಯಿ ಬಂತು. ಮೈದಾವನ್ನು ಎಣ್ಣೆಯಲ್ಲಿ ಹುರಿಯುವುದು ಫ್ರೆಂಚರ ಪದ್ಧತಿ. ಗಂಬೋ ಗಟ್ಟಿ ಬರಲು ಹಾಕುವ ಸಾಸಫ್ರಾಸ್ ಎಲೆಯ ಪುಡಿ ಚಾಕ್ಟಾ ಮೂಲನಿವಾಸಿಗಳದ್ದು. ಈ ಮೂರೂ ಒಂದೇ ಪಾತ್ರೆಯಲ್ಲಿ. ನನ್ನ ಪಕ್ಕದ ಮನೆಯ ಅಜ್ಜಿ ಆ ಮೈದಾ ಹುರಿಯುವುದನ್ನು ಕಲಿಸಿಕೊಟ್ಟರು. ಮುಕ್ಕಾಲು ಗಂಟೆ ಸೌಟು ಕೈಬಿಡುವ ಹಾಗಿಲ್ಲ. ಫೋನ್ ಬಂದರೂ ಎತ್ತಬೇಡ ಅಂತಿದ್ದರು. ಕಡಲೆಕಾಯಿ ಬಣ್ಣ ದಾಟಿ ಚಾಕೊಲೇಟ್ ಬಣ್ಣ ಬರಬೇಕು. ಒಂದು ಚೂರು ಸೀದರೂ ಎಲ್ಲ ಚೆಲ್ಲಿ ಮತ್ತೆ ಶುರು. ನಾನು ಅವರ ಮನೆಯಲ್ಲೇ ಬೆಂಡೆಕಾಯಿ ಮಾತ್ರ ಹಾಕಿ ಮಾಡಿದ್ದೂ ಉಂಟು. ರುಚಿ ನೋಡಿ ತಲೆಯಾಡಿಸಿ ಇನ್ನೊಂದು ಬಟ್ಟಲು ಹಾಕಿಸಿಕೊಂಡರು.

ಕೋಡಿ_ಕಡಲು

ಕುಂದಾಪುರದ ಭಾವನಿಗೆ ನಾನು ಹೇಳುತ್ತೇನೆ, ನಮ್ಮೂರಿನವರು. ಮಾರ್ಚ್ ಅಂದರೆ ಕ್ರಾಫಿಶ್‌ನ ಸರಿಯಾದ ಕಾಲ. ಸಿಗಡಿಯಂತೆ ಇರುತ್ತದೆ, ಆದರೆ ಏಡಿಯ ಹಾಗೆ ಕೊಂಡಿ, ಗಟ್ಟಿ ಚಿಪ್ಪು. ಸಿಹಿನೀರಿನದ್ದು, ಭತ್ತದ ಗದ್ದೆಯಲ್ಲೂ ಸಾಕುತ್ತಾರೆ. ಪೌಂಡ್ ಲೆಕ್ಕದಲ್ಲಿ ಕೊಡುತ್ತಾರೆ. ಒಬ್ಬರಿಗೆ ಮೂರು ಪೌಂಡ್ ಜಾಸ್ತಿ ಅಂತ ಹೆದರಬೇಡಿ, ಸಿಪ್ಪೆಯೇ ಹೆಚ್ಚು. ತಲೆ ತಿರುಗಿಸಿ ಬಿಡಿಸಿ, ತಲೆಯೊಳಗಿನ ರಸ ಹೀರಿ, ಬಾಲ ಒತ್ತಿ ಮಾಂಸ ತೆಗೆಯಿರಿ. ಏಡಿ ಸಾರು ಕೈಯಲ್ಲಿ ತಿಂದವರಿಗೆ ಯಾರೂ ಕಲಿಸಬೇಕಾಗಿಲ್ಲ. ಖಾರದ ಕೈ ಕಣ್ಣಿಗೆ ಮಾತ್ರ ಹೋಗಬಾರದು.

ಸಿಗಡಿಯ ಪೋಬಾಯ್ ಕೂಡ ತಿನ್ನಿ. ಉದ್ದ ಬ್ರೆಡ್ಡು, ಮೇಲೆ ಗರಿಗರಿ, ಒಳಗೆ ಹತ್ತಿಯಂತೆ. "ಡ್ರೆಸ್ಡ್" ಅಂತ ಕೇಳಿದರೆ ಸೊಪ್ಪು, ಟೊಮೆಟೊ, ಉಪ್ಪಿನ ಸೌತೆ, ಮೇಯೋನೀಸ್ ಹಾಕುತ್ತಾರೆ. ಪಾರ್ಕ್‌ವೇ ಅಂತ 1911ರಲ್ಲಿ ಶುರುವಾದ ಜಾಗ, ಮಧ್ಯಾಹ್ನದ ಹೊತ್ತು ತಪ್ಪಿಸಿ ಹೋಗಿ.

ದಾರಿಯಲ್ಲಿ ಅಚಫಲಾಯಾ ಸೇತುವೆ ಬರುತ್ತದೆ. 18 ಮೈಲಿ ಜೌಗಿನ ಮೇಲೇ ಓಡುತ್ತೀರಿ. ಬೆಳಕಿದ್ದಾಗ ದಾಟುವ ಹಾಗೆ ಹೊರಡಿ. ಹ್ಯೂಸ್ಟನ್‌ನಿಂದ ಸುಮಾರು 350 ಮೈಲಿ, ಊಟಕ್ಕೆ ನಿಂತರೆ ಆರು ಗಂಟೆಗಿಂತ ಜಾಸ್ತಿಯೇ ಹಿಡಿಯುತ್ತದೆ.

ಆಸ್ಟಿನ್_ಆಶಾ

ಕಾರಿನ ವಿಷಯ ಮರೆಯಬೇಡಿ. ನಾವು ಉಳಿದಿದ್ದ ಜಾಗದ ಪಾರ್ಕಿಂಗ್‌ನಲ್ಲೇ ನಮ್ಮ ಕಾರಿನ ಗಾಜು ಒಡೆದು ಹಿಂದಿನ ಸೀಟಿನ ಚೀಲ ತೆಗೆದುಕೊಂಡು ಹೋದರು. ಅದರಲ್ಲಿ ಅತ್ತೆಯ ಮಾತ್ರೆಗಳಿದ್ದವು, ಇಡೀ ರಾತ್ರಿ ಒದ್ದಾಡಿದೆವು. ಖಾಲಿ ಚೀಲವಾದರೂ ಸೀಟಿನ ಮೇಲೆ ಬಿಡಬೇಡಿ. ಅಮ್ಮನ ಔಷಧಿ ಕೈಚೀಲದಲ್ಲೇ ಇರಲಿ. ಮತ್ತೆ ಬೋರ್ಬನ್ ಕಡೆ ಯಾರಾದರೂ "ನೀವು ಷೂ ಎಲ್ಲಿ ತಗೊಂಡಿರಿ ಹೇಳುತ್ತೇನೆ, ಪಂದ್ಯ" ಅಂತ ಬಂದರೆ ನಗುತ್ತಾ ಮುಂದೆ ನಡೆಯಿರಿ. ಅದು ದುಡ್ಡು ಕೀಳುವ ಹಳೇ ಆಟ.

ಲಯ_ಲೆಕ್ಕ

ಮಗ ಟ್ರಂಪೆಟ್ ಊದುತ್ತಾನೆ ಅಂತ ಓದಿ ಸುಮ್ಮನಿರಲು ಆಗಲಿಲ್ಲ. ಅವನನ್ನು ಪ್ರಿಸರ್ವೇಶನ್ ಹಾಲ್‌ಗೆ ಕರೆದುಕೊಂಡು ಹೋಗಿ. 1961ರಿಂದ ಇದೆ. ಚಿಕ್ಕ ಹಳೇ ಕೋಣೆ. ಒಳಗೆ ಮದ್ಯ ಇಲ್ಲ, ತಿಂಡಿ ಇಲ್ಲ, ಕಚೇರಿ ನಡೆಯುವಾಗ ಫೋಟೋ ಕೂಡ ಇಲ್ಲ. ಸಂಗೀತ ಮಾತ್ರ. ಎಲ್ಲ ವಯಸ್ಸಿನವರನ್ನೂ ಬಿಡುತ್ತಾರೆ. ಸುಮಾರು 45 ನಿಮಿಷದ ಕಚೇರಿ. ನಿಲ್ಲುವ ಟಿಕೆಟ್ಟೂ ಇರುತ್ತದೆ, ಅಮ್ಮನಿಗೆ ಮಾತ್ರ ಕೂರುವ ಟಿಕೆಟ್ಟೇ ತೆಗೆದುಕೊಳ್ಳಿ. ಫ್ರೆಂಚ್‌ಮೆನ್ ಸ್ಟ್ರೀಟ್‌ನ ಹೆಚ್ಚಿನ ಕ್ಲಬ್ಬುಗಳಲ್ಲಿ 21 ತುಂಬದವರಿಗೆ ಪ್ರವೇಶ ಇಲ್ಲ. ಆದರೆ ಸಂಜೆ ಬೀದಿ ಮೂಲೆಯಲ್ಲೇ ಹುಡುಗರು ಟ್ಯೂಬಾ, ಟ್ರಾಂಬೋನ್ ಹಿಡಿದು ನುಡಿಸುತ್ತಿರುತ್ತಾರೆ. ನಿಂತು ಕೇಳಿದರೆ ಅವರ ಬಕೆಟ್ಟಿಗೆ ದುಡ್ಡು ಹಾಕಿ. ಅದು ಅವರ ಸಂಬಳ.

ಲೂಯಿ ಆರ್ಮ್‌ಸ್ಟ್ರಾಂಗ್ 1901ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಅವರ ಹೆಸರಿನ ಪಾರ್ಕ್ ಒಳಗೆ ಕಾಂಗೋ ಸ್ಕ್ವೇರ್ ಇದೆ. ಗುಲಾಮಗಿರಿಯ ಕಾಲದಲ್ಲಿ ಭಾನುವಾರ ಆಫ್ರಿಕಾದ ಜನ ಸೇರಿ ಚರ್ಮವಾದ್ಯ ಬಾರಿಸಿ ಕುಣಿಯುತ್ತಿದ್ದ ಜಾಗ. ನಾನು ಮೃದಂಗ ಕಲಿತವನು. ಅಲ್ಲಿ ಹತ್ತು ನಿಮಿಷ ಚಪ್ಪಲಿ ಬಿಟ್ಟು ನಿಂತಿದ್ದೆ.

ಸಿಟಿ ಪಾರ್ಕ್‌ನಲ್ಲಿ ಒಂದು ಓಕ್ ಮರಕ್ಕೆ ದೊಡ್ಡ ಗಾಳಿಗಂಟೆಗಳನ್ನು ಕಟ್ಟಿದ್ದಾರೆ. ನಮ್ಮ ಔಡವ ರಾಗದ ಹಾಗೆ ಐದೇ ಸ್ವರಕ್ಕೆ ಶ್ರುತಿ ಮಾಡಿದ್ದು. ಗಾಳಿ ಎಷ್ಟೇ ಜೋರಾಗಿ ಬೀಸಲಿ, ಅಪಸ್ವರ ಬರುವುದಿಲ್ಲ. ಕಾಫಿ ಕುಡಿದು ಅಲ್ಲಿ ಹೋಗಿ ಕೂತುಕೊಳ್ಳಿ.

ಸರಸ್ವತಿಪುರಂ_ಹುಡುಗಿ

ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಲಿ! ಅಮ್ಮನಿಗೆ ಓದಿ ಹೇಳಿದೆ. ಚಿಕೋರಿ ಅಂದ ತಕ್ಷಣ ಕನ್ನಡಕ ಹಾಕಿಕೊಂಡು ತಾವೇ ಓದಿದರು. ನಾವು 19ಕ್ಕೆ ಅಲ್ಲಿರುತ್ತೇವೆ, ವಾರದ ಕೊನೆಗೆ ವಾಪಸ್. ಆ ದಿನಗಳಲ್ಲಿ ವಿಶೇಷ ಏನಾದರೂ ಇದೆಯಾ?

ನದಿದಂಡೆ

ಅಕ್ಕಾ, 19 ಅಂದರೆ ಸೇಂಟ್ ಜೋಸೆಫರ ಹಬ್ಬ! ಇದನ್ನು ತಪ್ಪಿಸಿಕೊಳ್ಳಬೇಡಿ. ಸಿಸಿಲಿಯಿಂದ ಬಂದು ನೆಲೆಸಿದ ಜನರ ಆಚರಣೆ. ಅವರ ಊರಲ್ಲಿ ಒಮ್ಮೆ ಬರಗಾಲ ಬಂದಾಗ ಜೋಸೆಫರಿಗೆ ಹರಕೆ ಹೊತ್ತರಂತೆ, ಫಾವಾ ಅನ್ನುವ ದೊಡ್ಡ ಅವರೆಯಂಥ ಕಾಳು ಜನರನ್ನು ಉಳಿಸಿತಂತೆ. ಅದಕ್ಕೆ ಚರ್ಚುಗಳಲ್ಲಿ, ಕೆಲವರ ಮನೆಗಳಲ್ಲಿ ಮೂರು ಮೆಟ್ಟಿಲ ಅಟ್ಟಣೆ ಕಟ್ಟಿ ತಿಂಡಿ ಜೋಡಿಸುತ್ತಾರೆ. ನೋಡಿದರೆ ನಮ್ಮ ದಸರಾ ಬೊಂಬೆ ಕೂರಿಸಿದ ಹಾಗೇ ಇರುತ್ತದೆ. ಬ್ರೆಡ್ಡನ್ನು ಏಣಿ, ಸುತ್ತಿಗೆ, ಗರಗಸದ ಆಕಾರದಲ್ಲಿ ಸುಟ್ಟಿರುತ್ತಾರೆ, ಜೋಸೆಫರು ಬಡಗಿ ಅಲ್ವಾ. ಹಬ್ಬ ಉಪವಾಸದ ತಿಂಗಳಲ್ಲಿ ಬರುವುದರಿಂದ ಮಾಂಸ ಇಡುವುದಿಲ್ಲ. ಬಂದವರಿಗೆಲ್ಲ ಊಟ ಹಾಕುತ್ತಾರೆ, ಯಾರು ಏನು ಅಂತ ಕೇಳುವುದಿಲ್ಲ. ಪಕ್ಕದಲ್ಲಿ ಹುಂಡಿ ಇರುತ್ತದೆ, ಕೈಲಾದಷ್ಟು ಹಾಕಿ, ಬಡವರಿಗೆ ಹೋಗುತ್ತದೆ.

ಆದರೆ ಮೀನು ಇರುತ್ತದೆ. ಪಾಸ್ತಾದ ಕೆಂಪು ಗೊಜ್ಜಿನಲ್ಲಿ ಸಣ್ಣ ಮೀನು ಅರೆದು ಹಾಕಿರುತ್ತಾರೆ, ಅಮ್ಮನಿಗೆ ಬೇಡ. ಅಂಜೂರದ ಕಡುಬಿನಂಥ ಬಿಸ್ಕತ್ತು, ಎಳ್ಳಿನ ಬಿಸ್ಕತ್ತು ತಿನ್ನಬಹುದು. 18ರ ಸಂಜೆಯೇ ಹಲವು ಕಡೆ ನೋಡಲು ಬಿಡುತ್ತಾರೆ. ಯಾವ ಚರ್ಚಿನಲ್ಲಿ ಎಷ್ಟು ಗಂಟೆಗೆ ಅನ್ನುವ ಪಟ್ಟಿ ಹಬ್ಬಕ್ಕೆ ಮುಂಚೆಯೇ ಪತ್ರಿಕೆಗಳಲ್ಲಿ ಬರುತ್ತದೆ.

ಅದರ ಆಸುಪಾಸಿನ ಭಾನುವಾರ ಸೂಪರ್ ಸಂಡೇ. ಮಾರ್ಡಿ ಗ್ರಾ ಇಂಡಿಯನ್ಸ್ ಅಂತ ಕರಿಯ ಸಮುದಾಯದ ತಂಡಗಳು ಮೆರವಣಿಗೆ ಬರುತ್ತವೆ. ಒಂದೊಂದು ಮಣಿ ಹೊಲಿದು ವರ್ಷವಿಡೀ ಕೂತು ಮಾಡಿದ ವೇಷ, ತಲೆಯಿಂದ ಕಾಲಿನ ತನಕ ಗರಿ. ನಮ್ಮ ಯಕ್ಷಗಾನದ ಕಿರೀಟ ನೋಡಿದವರಿಗೂ ಬೆರಗಾಗುತ್ತದೆ. ಮಳೆ ಬಂದರೆ ಮುಂದಕ್ಕೆ ಹಾಕುತ್ತಾರೆ, ಹಿಂದಿನ ದಿನ ವಿಚಾರಿಸಿ. ದಾರಿ ಬಿಡಿ, ಗರಿ ಮುಟ್ಟಬೇಡಿ.

ಇನ್ನೊಂದು. ಅಲ್ಲಿನವರನ್ನು ದಾರಿ ಕೇಳಿದರೆ ಪೂರ್ವ ಪಶ್ಚಿಮ ಅನ್ನುವುದಿಲ್ಲ. ನದಿ ಕಡೆ, ಕೆರೆ ಕಡೆ ಅನ್ನುತ್ತಾರೆ. ನದಿ ಮಿಸಿಸಿಪ್ಪಿ, ಕೆರೆ ಅಂದರೆ ಪಾಂಚಾರ್ಟ್ರೇನ್. ಅಮ್ಮನಿಗೆ ಬೇಗ ಅರ್ಥ ಆಗುತ್ತದೆ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಂದು ತಡೆಗೋಡೆಗಳು ಒಡೆದಾಗ ಊರಿನ ಸುಮಾರು ಶೇಕಡಾ 80 ಭಾಗ ಮುಳುಗಿತ್ತು. ಅದರ ಬಗ್ಗೆ ನೀವಾಗಿ ಕೆದಕಬೇಡಿ. ಅವರೇ ಶುರು ಮಾಡಿದರೆ ಪೂರ್ತಿ ಕೇಳಿ. ನನ್ನ ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲೆ ನೀರು ನಿಂತ ಗುರುತನ್ನು ಅಳಿಸದೆ ಬಿಟ್ಟಿದ್ದರು.

ಹಳೇ_ಕಾಗದ

ಒಂದು ಚಿಕ್ಕ ವಿಷಯ ಸೇರಿಸುತ್ತೇನೆ. 1880–90ರ ಹೊತ್ತಿಗೇ ಬಂಗಾಳದ ಹೂಗ್ಲಿಯ ಮುಸ್ಲಿಂ ವ್ಯಾಪಾರಿಗಳು ಚಿಕನ್ ಕಸೂತಿ ಬಟ್ಟೆ ಹೊತ್ತು ಈ ಊರಿಗೆ ಬಂದಿದ್ದರು. ಟ್ರೆಮೇ ಬಡಾವಣೆಯಲ್ಲಿ ಬಾಡಿಗೆಗೆ ಇದ್ದರು, ಕೆಲವರು ಅಲ್ಲಿನ ಕರಿಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಅಲ್ಲೇ ಉಳಿದರು. ಕಾಂಗೋ ಸ್ಕ್ವೇರ್‌ಗೆ ಹೋದಾಗ ನೀವು ಅದೇ ಬೀದಿಗಳಲ್ಲಿ ನಡೆಯುತ್ತೀರಿ.

ಅರ್ಧ ದಿನ ಬಿಡುವಿದ್ದರೆ ವಿಟ್ನಿ ಪ್ಲಾಂಟೇಶನ್ ಅನ್ನುವ ಹಳೇ ತೋಟಕ್ಕೆ ಹೋಗಿ, ಸುಮಾರು ಒಂದು ಗಂಟೆ ದಾರಿ. 2014ರಲ್ಲಿ ಮ್ಯೂಸಿಯಂ ಆಗಿ ತೆರೆದದ್ದು. ಬೇರೆ ಕಡೆ ಯಜಮಾನರ ಬಂಗಲೆ ತೋರಿಸುತ್ತಾರೆ, ಇಲ್ಲಿ ಗುಲಾಮರ ಬದುಕನ್ನೇ ಹೇಳುತ್ತಾರೆ. 14ರ ಹುಡುಗ ನೋಡಬೇಕು.

ಸರಸ್ವತಿಪುರಂ_ಹುಡುಗಿ

ವಾಪಸ್ ಬಂದೆವು! ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಸ್ಟ್ರೀಟ್‌ಕಾರ್ ಅಮ್ಮನಿಗೆ ಎಷ್ಟು ಹಿಡಿಸಿತು ಅಂದರೆ ಮೂರು ದಿನ ಮೂರು ಸಲ ಹತ್ತಿದರು. ಬೆನ್ಯೆ ಒಂದು ತಿಂದು ಸಾಕು ಅಂದರು, ಸಿಹಿ ಜಾಸ್ತಿ ಅಂತೆ. ಕಾಫಿ ಮಾತ್ರ ಎರಡು ಲೋಟ. "ಹಾಲು ಇನ್ನೊಂದು ಚೂರು ಕುದೀಬೇಕಿತ್ತು, ಪುಡಿ ಚೆನ್ನಾಗಿದೆ" ಅಂದರು. ನಮ್ಮ ಮನೆಯವರು ನಾಲ್ಕು ಪೌಂಡ್ ಕ್ರಾಫಿಶ್ ಮುಗಿಸಿದರು. ಸೂಪರ್ ಸಂಡೇ ಮಳೆಯಿಂದ ಮುಂದಕ್ಕೆ ಹೋಯಿತು, ನೋಡಲು ಆಗಲಿಲ್ಲ. ವಿಟ್ನಿಯಿಂದ ಬರುವಾಗ ಮಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ರಾತ್ರಿ ಪ್ರಿಸರ್ವೇಶನ್ ಹಾಲ್‌ನಲ್ಲಿ ಟ್ರಂಪೆಟ್‌ನವರಿಗೆ ಎರಡು ಮಾರು ದೂರದಲ್ಲಿ ಕೂತಿದ್ದ, ಕಣ್ಣು ಅವರ ಬೆರಳುಗಳ ಮೇಲೇ.

19ರ ಬೆಳಗ್ಗೆ ಒಂದು ಚರ್ಚಿಗೆ ಹೋದೆವು. ಅಮ್ಮ ಚರ್ಚಿನೊಳಗೆ ಊಟಕ್ಕೆ ಕೂತಿದ್ದು ಅದೇ ಮೊದಲು. ಅಟ್ಟಣೆ ನೋಡಿ ನಿಂತೇಬಿಟ್ಟರು. ಬಡಿಸುತ್ತಿದ್ದ ಅಜ್ಜಿಗೆ ನಾನು ಅಮ್ಮನ ಊಟದ ಪದ್ಧತಿ ಹೇಳಿದೆ. ಆಕೆ ಪಾಸ್ತಾ ತಟ್ಟೆ ಪಕ್ಕಕ್ಕಿಟ್ಟು, ಒಳಗೆ ಹೋಗಿ ಬ್ರೆಡ್ಡು, ಬೇಯಿಸಿದ ತರಕಾರಿ, ಎಳ್ಳಿನ ಬಿಸ್ಕತ್ತು ತಂದುಕೊಟ್ಟರು. ಅಮ್ಮ ಅವರ ಕೈ ಹಿಡಿದು ಕನ್ನಡದಲ್ಲೇ "ಹೊಟ್ಟೆ ತುಂಬಿತು ತಾಯಿ" ಅಂದರು. ಹೊರಡುವಾಗ ಆಕೆ ಅಮ್ಮನ ಕೈಗೆ ಒಂದು ಒಣಗಿದ ಫಾವಾ ಕಾಳು ಕೊಟ್ಟರು, ಪರ್ಸಿನಲ್ಲಿಟ್ಟರೆ ದುಡ್ಡಿಗೆ ಕೊರತೆ ಬರುವುದಿಲ್ಲವಂತೆ. ಆಮೇಲೆ ಏನೋ ನೆನಪಾದ ಹಾಗೆ ಇನ್ನೂ ಎರಡು ಹಾಕಿ "ಲ್ಯಾನ್ಯಾಪ್" ಅಂದರು. ನದಿದಂಡೆ, ಏನು ಆ ಪದ?

ನದಿದಂಡೆ

ಓದಿ ಕಣ್ಣು ತುಂಬಿ ಬಂತು ಅಕ್ಕಾ. ಲ್ಯಾನ್ಯಾಪ್ ಅಂದರೆ ಕೊಸರು. ತರಕಾರಿಯವರು ತೂಕ ಆದಮೇಲೆ ಒಂದು ಹಿಡಿ ಕರಿಬೇವು ಹಾಕುತ್ತಾರಲ್ಲ, ಅದೇ. ಅಲ್ಲಿ ಅಂಗಡಿ ಬೀದಿಯಲ್ಲೆಲ್ಲ ಆ ಪದ ಕೇಳುತ್ತದೆ.

ಸರಸ್ವತಿಪುರಂ_ಹುಡುಗಿ

ಅಮ್ಮನಿಗೆ ಹೇಳಿದೆ. "ಕೊಸರು ಅಂತ ನನಗೆ ಆಗ್ಲೇ ಗೊತ್ತಾಯ್ತು" ಅಂದರು. ಒಂದು ಕಾಳು ಪರ್ಸಿನಲ್ಲಿದೆ, ಒಂದು ಮಗ ಟ್ರಂಪೆಟ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾನೆ. ಮೂರನೆಯದನ್ನು ಮೈಸೂರಿಗೆ ತೆಗೆದುಕೊಂಡು ಹೋಗಿ ಪಕ್ಕದ ಮನೆಯವರಿಗೆ ತೋರಿಸಬೇಕಂತೆ, ಇಷ್ಟು ದೊಡ್ಡ ಅವರೆಕಾಳು ಅವರು ನೋಡಿಲ್ಲ ಅಂತ.